ಕ್ಲೇಮ್ ಕೊಡಿ, ಮನಸ್ಸಿನ ಗುಟ್ಟು ಕೇಳಬೇಡಿ

ಮಾನ್ಯ ಸಂಪಾದಕರೇ,

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ನಾನು 12 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕ್ಯಾಶ್‌ಲೆಸ್‌ಗೆ ಅರ್ಜಿ ಕಳಿಸುವುದು, ಟಿಪಿಎಯವರ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯವರ, ಕ್ವೆರಿಗೆ ಉತ್ತರ ಕೊಡುವುದು, ಡಿಸ್ಚಾರ್ಜ್ ದಿನ ಅಪ್ರೂವಲ್ ಬರುವ ತನಕ ರೋಗಿಯ ಮನೆಯವರನ್ನು ಸಮಾಧಾನ ಮಾಡುವುದು ನನ್ನ ಕೆಲಸ. ಹೆರಿಗೆ, ಹರ್ನಿಯಾ, ಕಿಡ್ನಿ ಕಲ್ಲು, ಬೈಕಿನಿಂದ ಬಿದ್ದು ಕಾಲು ಮುರಿದದ್ದು, ಹೀಗೆ ಸಾವಿರಾರು ಫಾರ್ಮ್ ತುಂಬಿದ್ದೇನೆ.

ಅಂಥ ನನ್ನ ಮನೆಯ ಅಡುಗೆಮನೆ ಗೂಡಿನಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಮನಸ್ಸಿನ ಕಾಯಿಲೆಗೆ ಮಾಡಿಸಿದ ಮಾತಿನ ಚಿಕಿತ್ಸೆಯ ಒಂಬತ್ತು ರಸೀದಿ ಇವೆ. ಒಂದೊಂದು 1,200 ರೂಪಾಯಿಯದು. ಕ್ಲೇಮ್ ಮಾಡಿದರೆ ಪಾಲಿಸಿ ಪ್ರಕಾರ ಬಹುಪಾಲು ದುಡ್ಡು ಬರಬೇಕು. ನಾನು ಕಳಿಸಿಲ್ಲ. ಯಾಕೆ ಅಂತ ಹೇಳಲು ಈ ಪತ್ರ. ನಮ್ಮ ಯಜಮಾನರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರು ಮಾತ್ರ ಬ್ಯಾಡ" ಅಂದರು.

ನಮ್ಮ ಮನೆಯವರು ಊರ ಹೊರಗಿನ ಒಂದು ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿದ್ದರು. ಹೋದ ವರ್ಷ ಬೇಸಿಗೆಯಲ್ಲಿ ರಾತ್ರಿ ಪಾಳಿಯ ಒಬ್ಬ ಕೆಲಸಗಾರರು ಕನ್ವೇಯರ್ ಬೆಲ್ಟ್‌ಗೆ ಸಿಕ್ಕಿಬಿದ್ದರು. ಅವರನ್ನು ಹೊರಗೆ ತೆಗೆದ ನಾಲ್ಕು ಜನರಲ್ಲಿ ಇವರೂ ಒಬ್ಬರು. ಅವರು ಉಳಿಯಲಿಲ್ಲ. ಇವರ ಮೈಗೆ ಒಂದು ಗೀರೂ ಆಗಿರಲಿಲ್ಲ. ಹಾಗಾಗಿ ಮೂರನೇ ದಿನ ಕೆಲಸಕ್ಕೆ ಹೋದರು.

ನಮ್ಮ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಹದಿನೈದು ವರ್ಷದಿಂದ ಅದರ ಸದ್ದು ನಮಗೆ ಸದ್ದೇ ಅಲ್ಲ. ಆ ಘಟನೆ ಆದ ಮೇಲೆ ಗಿರಣಿಯ ಬೆಲ್ಟ್ ಶುರುವಾದರೆ ಸಾಕು, ಇವರು ಊಟದ ತಟ್ಟೆ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಮೊದಮೊದಲು ನನಗೆ ಅರ್ಥ ಆಗಲಿಲ್ಲ. ಸೆಖೆ ಅಂತ ಹೋಗುತ್ತಾರೆ ಅಂದುಕೊಂಡೆ. ಆಮೇಲೆ ನಿದ್ದೆ ಹೋಯಿತು. ರಾತ್ರಿ ಎರಡಕ್ಕೆ ಎದ್ದು ಕೈ ತೊಳೆಯುವುದು, ಮತ್ತೆ ಬಂದು ಕೂರುವುದು. ಅತ್ತೆ ದುರ್ಗಮ್ಮನ ಗುಡಿಗೆ ಹರಕೆ ಹೊತ್ತರು. ನಾನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಮಾಡಿದ್ದು ಒಳ್ಳೆಯದೇ ಆಯಿತು.

ಆ ಡಾಕ್ಟರು ಬಹಳ ಸಮಾಧಾನದಿಂದ ನೋಡಿದರು. ಮಾತ್ರೆ ಬರೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಒಂದು ಮಾತು ಹೇಳಿದರು: "ಮಾತ್ರೆ ನಿದ್ದೆ ಕೊಡುತ್ತೆ ಅಮ್ಮ. ಆ ರಾತ್ರಿ ತಲೆಯಿಂದ ಇಳಿಯಬೇಕಾದರೆ ಇವರು ವಾರ ವಾರ ಕೂತು ಮಾತಾಡಬೇಕು. ಒಂದೊಂದು ಸಲಕ್ಕೂ ಮುಕ್ಕಾಲು ಗಂಟೆ ಬೇಕು. ಹೊರಗೆ ಎಷ್ಟು ಜನ ನಿಂತಿದ್ದಾರೆ ನೋಡಿದಿರಲ್ಲಾ?" ನೋಡಿದ್ದೆ. ಬಾಗಿಲಿನಿಂದ ಮೆಟ್ಟಿಲ ತನಕ ಜನ ಇದ್ದರು.

ಸೈಕೋಥೆರಪಿ ಅಂದರೆ ಇದೇ. ಕಾಯಿಲೆಯ ಬಗ್ಗೆ ಗೊತ್ತಿರುವ, ಅದಕ್ಕೇ ಓದಿದವರ ಮುಂದೆ ಕೂತು ಮಾತಾಡುತ್ತಾ ಮಾತಾಡುತ್ತಾ ಗುಣವಾಗುವುದು. ನಮಗೆ ಸಿಕ್ಕಿದವರು ಹುಬ್ಬಳ್ಳಿಯ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್. ತಿಂಗಳಿಗೆ ಒಂದು ಸಲ ರೈಲಿನಲ್ಲಿ ಹೋಗುವುದು, ಉಳಿದ ವಾರ ವಿಡಿಯೋ ಕಾಲ್. ಒಂದು ಸಲಕ್ಕೆ 1,200 ರೂಪಾಯಿ. ಒಟ್ಟು 14 ಸಲ ಆಯಿತು, ಅಂದರೆ 16,800 ರೂಪಾಯಿ. ನನ್ನ ಒಂದು ತಿಂಗಳ ಸಂಬಳ 17,000. ರೈಲು, ಊಟ ಬೇರೆ.

ದುಡ್ಡು ಹೋಯಿತು ಅಂತ ದೂರುತ್ತಿಲ್ಲ. ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯವರು ತಾವೇ ಜೋಳದ ಡಬ್ಬಿ ಎತ್ತಿಕೊಂಡು ಆ ಗಿರಣಿಗೆ ಹೋಗಿ, ನಿಂತು ಬೀಸಿಸಿಕೊಂಡು ಬಂದರು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಆ ಹಿಟ್ಟಿನ ರೊಟ್ಟಿ ತಟ್ಟುವಾಗ ಕಣ್ಣೀರು ನಿಲ್ಲಲಿಲ್ಲ. 16,800 ಅಲ್ಲ, ಅದರ ಎರಡು ಪಟ್ಟು ಆಗಿದ್ದರೂ ಕೊಡುತ್ತಿದ್ದೆ. ಆದರೆ ಕೊಡಲು ಆಗದವರು ಏನು ಮಾಡಬೇಕು? ವಿಮೆ ಇದ್ದೂ ಯಾಕೆ ಕೊಡಬೇಕು? ವಿಮೆಯಿಂದ ತೆಗೆದುಕೊಂಡರೆ ಯಾಕೆ ಹೆದರಬೇಕು?

ಇವರ ಕಂಪನಿಯ ಗುಂಪು ಪಾಲಿಸಿಯಲ್ಲಿ ಹೊರರೋಗಿ ಖರ್ಚಿಗೆ ಅಂತ ವರ್ಷಕ್ಕೆ 15,000 ರೂಪಾಯಿ ಇದೆ. ಕೌನ್ಸೆಲಿಂಗ್ ಕೂಡ ಅದರಲ್ಲಿ ಸೇರಿದೆ ಅಂತ ಕಾಗದದಲ್ಲೇ ಬರೆದಿದೆ. ನನಗೆ ಎಷ್ಟು ಖುಷಿ ಆಯಿತು ಅಂದರೆ, ಅವತ್ತೇ ರಾತ್ರಿ ಕೂತು ಮೊದಲ ಐದು ರಸೀದಿಯ ಕ್ಲೇಮ್ ತುಂಬಿದೆ. ದಿನಾ ಮಾಡುವ ಕೆಲಸ, ಕಣ್ಣು ಮುಚ್ಚಿ ತುಂಬಬಲ್ಲೆ. ಕಾಯಿಲೆಯ ಕೋಡ್ ಬರೆಯುವ ಜಾಗದಲ್ಲಿ ಎಫ್ 43.1 ಅಂತ ಬರೆದೆ. ಜಗತ್ತಿನ ಎಲ್ಲಾ ಕಾಯಿಲೆಗೂ ಒಂದೊಂದು ಕೋಡ್ ಇದೆ. ಎಫ್ ಅಕ್ಷರದಿಂದ ಶುರುವಾದರೆ ಅದು ಮನಸ್ಸಿನ ಕಾಯಿಲೆ. 43.1 ಅಂದರೆ ದೊಡ್ಡ ಆಘಾತದ ನಂತರ ಉಳಿಯುವ ತೊಂದರೆ. ಆ ಅಕ್ಷರ ಬರೆಯುವಾಗ ನನ್ನ ಕೈ ನಡುಗಲಿಲ್ಲ. ನಡುಗಬೇಕಿತ್ತು.

ಹತ್ತು ದಿನಕ್ಕೆ ಕ್ವೆರಿ ಬಂತು. ಎಲ್ಲಾ ಸೆಷನ್‌ಗಳ ಪೂರ್ತಿ ಟಿಪ್ಪಣಿ ಕಳಿಸಿ, ಕುಟುಂಬದ ಹಿನ್ನೆಲೆ ಕಳಿಸಿ, ಕುಡಿತದ ಅಭ್ಯಾಸ ಇದೆಯಾ ಹೇಳಿ, ತೊಂದರೆಗೆ ಏನು ಕಾರಣ ವಿವರಿಸಿ. 15 ದಿನದೊಳಗೆ ಬರದಿದ್ದರೆ ಕ್ಲೇಮ್ ಮುಚ್ಚುತ್ತೇವೆ. 6,000 ರೂಪಾಯಿಗೆ ಇಷ್ಟು ಪ್ರಶ್ನೆ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಇಂಥದೇ ಕ್ವೆರಿ ಬೇರೆಯವರಿಗೆ ಬಂದಾಗ ನಾನು ಏನು ಮಾಡುತ್ತಿದ್ದೆ? ಕೇಸ್ ಶೀಟ್ ಮೊದಲ ಪುಟದಿಂದ ಕೊನೆಯ ತನಕ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೆ. ಬೇಗ ಅಪ್ರೂವಲ್ ಬಂದರೆ ರೋಗಿಗೇ ಒಳ್ಳೆಯದು ಅನ್ನುವುದು ನನ್ನ ಲೆಕ್ಕ. ಕೆಲವು ವರ್ಷದ ಹಿಂದೆ ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಒಬ್ಬ ಹುಡುಗಿ ಬಂದಿದ್ದಳು. ಬದುಕಿದಳು. ಯಾಕೆ ಕುಡಿದೆ ಅನ್ನುವುದನ್ನು ಅವಳು ಅಪ್ಪ ಅಮ್ಮನಿಗೂ ಹೇಳಿರಲಿಲ್ಲ. ರಾತ್ರಿ ಪಾಳಿಯ ನರ್ಸ್‌ಗೆ ಹೇಳಿದ್ದಳು. ನರ್ಸ್ ತಮ್ಮ ಕರ್ತವ್ಯ ಅಂತ ಕೇಸ್ ಶೀಟಿನಲ್ಲಿ ಬರೆದರು. ನಾನು ನನ್ನ ಕರ್ತವ್ಯ ಅಂತ ಸ್ಕ್ಯಾನ್ ಮಾಡಿ ಕಳಿಸಿದೆ. ಅವಳು ಒಬ್ಬರ ಕಿವಿಯಲ್ಲಿ ಹೇಳಿದ ಮಾತು, ಯಾವ ಊರಿನಲ್ಲಿದೆ ಅಂತ ನನಗೇ ಗೊತ್ತಿಲ್ಲದ ಒಂದು ಕಚೇರಿಯ ಕಂಪ್ಯೂಟರಿಗೆ ಹೋಯಿತು. ಇವತ್ತೂ ಅಲ್ಲೇ ಇರಬೇಕು. ಅವತ್ತು ನನಗೆ ಏನೂ ಅನಿಸಿರಲಿಲ್ಲ. ನಮ್ಮ ಮನೆಯ ಬಾಗಿಲಿಗೆ ಅದೇ ಪ್ರಶ್ನೆ ಬಂದ ದಿನ ಆ ಹುಡುಗಿಯ ಮುಖ ನೆನಪಾಯಿತು.

ಹುಬ್ಬಳ್ಳಿಯ ಮೇಡಂಗೆ ಫೋನ್ ಮಾಡಿದೆ. ಅವರು ಖಡಾಖಂಡಿತವಾಗಿ ಆಗಲ್ಲ ಅಂದರು. ಅವರ ಹತ್ತಿರ ಎರಡು ದಾಖಲೆ ಇರುತ್ತಂತೆ. ಒಂದರಲ್ಲಿ ತಾರೀಕು, ಎಷ್ಟು ಹೊತ್ತು, ಯಾವ ವಿಧಾನ, ಹೇಗೆ ಸುಧಾರಿಸುತ್ತಿದ್ದಾರೆ ಅನ್ನುವುದು. ಇನ್ನೊಂದು ಅವರ ಸ್ವಂತ ನೋಟ್‌ಬುಕ್. "ಅದರಲ್ಲಿ ನಿಮ್ಮ ಯಜಮಾನರ ಮಾತಷ್ಟೇ ಇಲ್ಲಮ್ಮ. ನಿಮ್ಮ ವಿಷಯ ಇದೆ, ನಿಮ್ಮ ಅತ್ತೆಯವರ ವಿಷಯ ಇದೆ, ತೀರಿಕೊಂಡವರ ವಿಷಯ ಇದೆ. ಅವರೆಲ್ಲ ನನಗೆ ಒಪ್ಪಿಗೆ ಕೊಟ್ಟಿದ್ದಾರಾ?" ಅಂತ ಕೇಳಿದರು. ನಾನು ಈ ದಿಕ್ಕಿನಲ್ಲಿ ಯೋಚನೆಯೇ ಮಾಡಿರಲಿಲ್ಲ. ಕಾರ್ಖಾನೆಯ ಆ ರಾತ್ರಿ ಪಾಳಿಯಲ್ಲಿ ಏನು ನಡೆಯಿತು, ಯಾರು ಯಾರಿಗೆ ಏನು ಹೇಳಿದರು ಅನ್ನುವುದೂ ಅಂಥ ನೋಟ್‌ಬುಕ್ಕಿನಲ್ಲಿ ಇರಬಹುದು ಅಲ್ವಾ? ಪಾಲಿಸಿಯ ಪ್ರೀಮಿಯಂ ಕಟ್ಟುವುದು ಕಂಪನಿ. ಆ ಮಾತುಗಳು ವಿಮೆಯವರ ದಾರಿಯಿಂದ ಕಂಪನಿಯ ಕೈಗೆ ಬಂದರೆ ಏನಾಗುತ್ತೆ ಅಂತ ಓದುಗರೇ ಯೋಚಿಸಲಿ.

ಅವರು ಒಂದು ಪುಟದ ಪತ್ರ ಕೊಟ್ಟರು. ಐದು ಸಲ ಬಂದಿದ್ದಾರೆ, ಚಿಕಿತ್ಸೆ ಅಗತ್ಯ ಇದೆ, ಇನ್ನೂ ಎಂಟು ಹತ್ತು ಸಲ ಬೇಕಾಗಬಹುದು, ಅಷ್ಟೇ. ಎರಡು ಸಲ ಮೇಲ್ ಆಗಿ, ಒಂದು ಸಲ ಫೋನಿನಲ್ಲಿ ಮಾತಾಡಿ, ಕೊನೆಗೆ ದುಡ್ಡು ಬಂತು. ಗೆದ್ದೆ ಅಂದುಕೊಂಡೆ.

ಮುಂದಿನ ವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಚ್‌ಆರ್ ವಿಭಾಗದ ಒಬ್ಬರು ಇವರ ಪಕ್ಕ ಬಂದು ಕೂತು, ತುಂಬಾ ಕಾಳಜಿಯಿಂದಲೇ ಕೇಳಿದರಂತೆ: "ಹೆಂಗದೀರಿ ಈಗ? ನಿದ್ದಿ ಬರ್ತೈತಾ? ಆ ಕೌನ್ಸೆಲಿಂಗ್‌ದಿಂದ ಏನಾರ ಅನುಕೂಲ ಆತಾ?" ಇವರು ಯಾರಿಗೂ ಹೇಳಿರಲಿಲ್ಲ. ಕ್ಲೇಮ್ ಸ್ಟೇಟಸ್ ಮೇಲ್‌ಗಳ ಒಂದೊಂದು ಪ್ರತಿ ಎಚ್‌ಆರ್‌ಗೂ ಹೋಗುತ್ತಿತ್ತು. ಕೋಡ್ ಸಮೇತ.

ಒಂದು ತಿಂಗಳಿಗೆ ಇವರನ್ನು ಕ್ರೇನ್‌ನಿಂದ ಇಳಿಸಿ ಸ್ಟೋರ್‌ಗೆ ಹಾಕಿದರು. ಸಂಬಳ ಅಷ್ಟೇ, ಆದರೆ ಓಟಿ ಇಲ್ಲ, ರಾತ್ರಿ ಪಾಳಿ ಭತ್ಯೆ ಇಲ್ಲ. ತಿಂಗಳಿಗೆ ನಾಲ್ಕೂವರೆ ಸಾವಿರ ಕಡಿಮೆ. ಯಾಕೆ ಅಂತ ಕಾಗದದಲ್ಲಿ ಬರೆದುಕೊಟ್ಟಿಲ್ಲ. "ನಿಮ್ಮ ಒಳ್ಳೆಯದಕ್ಕೇ" ಅಂದರಂತೆ.

ನ್ಯಾಯವಾಗಿ ಯೋಚಿಸೋಣ. ಕ್ರೇನ್ ನಡೆಸುವವರ ಕೈ, ಕಣ್ಣು, ಮನಸ್ಸು ಸರಿ ಇರಬೇಕು. ಕೆಳಗೆ ಬೇರೆಯವರ ಜೀವ ಇರುತ್ತೆ. ಇವರು ಕ್ರೇನ್ ಹತ್ತಬಹುದಾ ಇಲ್ಲವಾ ಅನ್ನುವುದನ್ನು ನೋಡಲೇಬೇಕು. ಆದರೆ ಅದನ್ನು ಕಾರ್ಖಾನೆಯ ಡಾಕ್ಟರು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡಿ ಹೇಳಬೇಕು. ಫಿಟ್ ಅಥವಾ ಅನ್‌ಫಿಟ್, ಇಷ್ಟು ದಿನ ಬಿಟ್ಟು ಮತ್ತೆ ನೋಡೋಣ ಅಂತ ಬರೆದುಕೊಡಬೇಕು. ಯಾರೂ ಪರೀಕ್ಷೆ ಮಾಡಲಿಲ್ಲ. ಮೇಲ್‌ನಲ್ಲಿದ್ದ ಒಂದು ಎಫ್ ಅಕ್ಷರವೇ ತೀರ್ಪು ಕೊಟ್ಟಿತು. ಚಿಕಿತ್ಸೆ ತೆಗೆದುಕೊಂಡವರು ಕೆಳಗೆ ಇಳಿದರು. ಅದೇ ರಾತ್ರಿ ಅದೇ ದೃಶ್ಯ ನೋಡಿ, ಚಿಕಿತ್ಸೆ ತೆಗೆದುಕೊಳ್ಳದೆ ಸುಮ್ನೆ ಇರುವವರು ಹಾಗೇ ಕೆಲಸ ಮಾಡುತ್ತಿದ್ದಾರೆ. ಇದರಿಂದ ಯಾರ ಜೀವಕ್ಕೆ ರಕ್ಷಣೆ ಸಿಕ್ಕಿತು?

ಆ ಸಿಟ್ಟಿನಲ್ಲಿ ಇವರು ಎರಡು ತಿಂಗಳು ಹುಬ್ಬಳ್ಳಿಗೆ ಹೋಗಲೇ ಇಲ್ಲ. ನನ್ನ ಮೇಲೂ ಮುನಿಸಿತ್ತು. ಬಾಯಿ ಬಿಟ್ಟು ಅನ್ನಲಿಲ್ಲ, ಆದರೆ ಫಾರ್ಮ್ ತುಂಬಿದ್ದು ನಾನೇ ಅಲ್ವಾ. ಮತ್ತೆ ಶುರು ಮಾಡಿದಾಗ ಒಂದೇ ಷರತ್ತು ಹಾಕಿದರು: ಕೈಯಿಂದ ದುಡ್ಡು ಕೊಡೋಣ, ಇನ್ಶೂರೆನ್ಸ್ ಹೆಸರು ಎತ್ತಬೇಡ. ಆ ಒಂಬತ್ತು ರಸೀದಿ ಡಬ್ಬಿಗೆ ಬಿದ್ದದ್ದು ಹೀಗೆ.

ಕಾನೂನು ಇಲ್ಲವಾ? ಇದೆ, ಒಳ್ಳೆಯ ಕಾನೂನೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ, ದೇಹದ ಕಾಯಿಲೆಗೆ ಯಾವ ರೀತಿ ವಿಮೆ ಕೊಡುತ್ತೀರೋ ಮನಸ್ಸಿನ ಕಾಯಿಲೆಗೂ ಅದೇ ರೀತಿ ಕೊಡಬೇಕು ಅಂತ ಬರೆದಿದೆ. ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲಾ ಕಂಪನಿಗಳಿಗೂ ಸುತ್ತೋಲೆ ಕಳಿಸಿತು. ಆದರೂ ಕಂಪನಿಗಳು ಹಳೇ ಪಾಲಿಸಿ ತೋರಿಸಿ ಕ್ಲೇಮ್ ತಳ್ಳುತ್ತಿದ್ದವು. 2021ರಲ್ಲಿ ದೆಹಲಿ ಹೈಕೋರ್ಟ್, ಹಾಗೆ ಭೇದ ಮಾಡುವಂತಿಲ್ಲ ಅಂತ ಒಬ್ಬ ಮಹಿಳೆಯ ಪರ ತೀರ್ಪು ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಮತ್ತೆ ಎಚ್ಚರಿಸಬೇಕಾಯಿತು.

ಇಷ್ಟೆಲ್ಲ ಆದ ಮೇಲೂ ನನ್ನ ಡೆಸ್ಕ್‌ನಿಂದ ನೋಡಿದರೆ ಕಾಣುವುದು ಇಷ್ಟು. ಸಾಮಾನ್ಯ ಪಾಲಿಸಿಗಳು ದುಡ್ಡು ಕೊಡುವುದು ರೋಗಿ ಅಡ್ಮಿಟ್ ಆದರೆ ಮಾತ್ರ, ಅದೂ ಹೆಚ್ಚಾಗಿ 24 ಗಂಟೆ ಇರಬೇಕು. ಸೈಕೋಥೆರಪಿಗೆ ಯಾರೂ ಅಡ್ಮಿಟ್ ಆಗುವುದಿಲ್ಲ. ಬರುತ್ತಾರೆ, 50 ನಿಮಿಷ ಕೂರುತ್ತಾರೆ, ಹೋಗುತ್ತಾರೆ. ಇನ್ನು ಪಾಲಿಸಿಯಲ್ಲಿ ವೈದ್ಯರು ಅಂದರೆ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆದವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿ ಇರುವುದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ. 2017ರ ಕಾಯ್ದೆ ಅವರನ್ನು ಮಾನಸಿಕ ಆರೋಗ್ಯ ವೃತ್ತಿಪರರು ಅಂತ ಒಪ್ಪುತ್ತದೆ, ಆದರೆ ಪಾಲಿಸಿಯ ಸಣ್ಣ ಅಕ್ಷರ ಒಪ್ಪುವುದಿಲ್ಲ. ಕಾಲು ಮುರಿದವರಿಗೆ ಫಿಸಿಯೋಥೆರಪಿ ಹೇಗೋ, ಮನಸ್ಸು ನೊಂದವರಿಗೆ ಇದು ಹಾಗೆ. ಮುಖ್ಯ ಚಿಕಿತ್ಸೆಯನ್ನೇ ಹೊರಗಿಟ್ಟು ಸಮಾನತೆ ಅಂದರೆ ಹೇಗೆ?

ಅದೇ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯದು. ಮನಸ್ಸಿನ ಕಾಯಿಲೆ ಇರುವವರ ಚಿಕಿತ್ಸೆಯ ಮಾಹಿತಿ ಗುಟ್ಟಾಗಿ ಇರಬೇಕು, ಅದು ಅವರ ಹಕ್ಕು. ಯಾರಿಗೆ ಹೇಳಬಹುದು ಅನ್ನುವುದಕ್ಕೆ ಒಂದು ಚಿಕ್ಕ ಪಟ್ಟಿ ಇದೆ: ರೋಗಿಯ ನಾಮನಿರ್ದೇಶಿತ ಪ್ರತಿನಿಧಿ, ಚಿಕಿತ್ಸೆ ಕೊಡುವ ಬೇರೆ ವೈದ್ಯರು, ಯಾರದಾದರೂ ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಆದೇಶ ಇದ್ದಾಗ, ಹೀಗೆ. ಆ ಪಟ್ಟಿಯಲ್ಲಿ ವಿಮಾ ಕಂಪನಿ ಇಲ್ಲ. ಕೆಲಸ ಕೊಟ್ಟ ಧಣಿಯೂ ಇಲ್ಲ.

ಹಾಗಾದರೆ ಮಾಹಿತಿ ಹೋಗುವುದು ಎಲ್ಲಿಂದ? ಒಂದು ಸಹಿಯಿಂದ. ಕ್ಲೇಮ್ ಫಾರ್ಮಿನ ಕೊನೆಯಲ್ಲಿ ಒಂದು ಘೋಷಣೆ ಇರುತ್ತೆ. ನನಗೆ ಚಿಕಿತ್ಸೆ ಕೊಟ್ಟ ಯಾವುದೇ ಆಸ್ಪತ್ರೆ, ವೈದ್ಯರಿಂದ ಬೇಕಾದ ಮಾಹಿತಿ ಪಡೆಯಲು ವಿಮಾ ಕಂಪನಿಗೆ, ಟಿಪಿಎಗೆ ಒಪ್ಪಿಗೆ ಕೊಡುತ್ತೇನೆ ಅನ್ನುವ ಅರ್ಥದ್ದು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ. ನನ್ನ ಮೇಜಿನ ಮುಂದೆ ನಿಂತ ಸಾವಿರಾರು ಜನಕ್ಕೆ "ಇಲ್ಲಿ ಸಹಿ ಮಾಡ್ರಿ" ಅಂತ ಪೆನ್ನಿನ ತುದಿಯಿಂದ ತೋರಿಸಿದ್ದೇನೆ. ಓದಿ ಹೇಳಿದ್ದು ನೆನಪಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡದ್ದೂ ಇದೆ. ಒಳಗೆ ಮನುಷ್ಯ ನರಳುತ್ತಿರುವಾಗ ಹೊರಗೆ ನಿಂತವರು ಮಾಡಿದ ಸಹಿಯನ್ನು ಒಪ್ಪಿಗೆ ಅನ್ನಬಹುದಾ?

ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕನ್ನಡಿಗರು ಗೆದ್ದುಕೊಟ್ಟ ಹಕ್ಕು ಅದು. ಅದು ಆಸ್ಪತ್ರೆಯ ಡೆಸ್ಕ್ ತನಕ ಬಂದು ತಲುಪಿಲ್ಲ.

ವಿಮೆಯವರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಸುಳ್ಳು ಬಿಲ್ಲು ಬರುತ್ತವೆ. ಅಡ್ಮಿಟ್ ಆಗದೇ ಆದೆ ಅಂತ ಕಾಗದ ತರುವವರನ್ನು ನಾನೇ ನೋಡಿದ್ದೇನೆ, ವಾಪಸ್ ಕಳಿಸಿದ್ದೇನೆ. ಮೋಸ ಆದರೆ ಎಲ್ಲರ ಪ್ರೀಮಿಯಂ ಜಾಸ್ತಿ ಆಗುತ್ತೆ. ಹಾಗಾಗಿ ಪರೀಕ್ಷೆ ಮಾಡಲಿ. ಮೂಳೆ ಮುರಿದರೆ ಎಕ್ಸ್‌ರೇ ಕೇಳುತ್ತಾರೆ, ಕೊಡುತ್ತೇವೆ. ಎಕ್ಸ್‌ರೇ ಯಾರು ನೋಡಿದರೂ ಆ ಮೂಳೆಗೆ ನಾಚಿಕೆ ಇಲ್ಲ. ಥೆರಪಿಯಲ್ಲಿ ಎಕ್ಸ್‌ರೇ ಇಲ್ಲ, ಇರುವುದು ಮನುಷ್ಯನ ಮಾತು ಮಾತ್ರ. ಯಾರೋ ಓದುತ್ತಾರೆ ಅಂತ ಗೊತ್ತಾದ ಕ್ಷಣ ಆ ಮಾತು ನಿಲ್ಲುತ್ತೆ. ಮಾತು ನಿಂತರೆ ಚಿಕಿತ್ಸೆ ಎಲ್ಲಿ? ಅಂದರೆ ವಿಮೆಯವರು ನೋಟ್ಸ್ ಕೇಳಿದಾಗ ತಾವು ದುಡ್ಡು ಕೊಡುವ ಚಿಕಿತ್ಸೆಯನ್ನೇ ಕೆಡಿಸುತ್ತಿದ್ದಾರೆ.

ಬಿಲ್ಲು ಸತ್ಯವಾ ಅಂತ ತಿಳಿಯಲು ಏನು ಬೇಕು? ಥೆರಪಿಸ್ಟ್ ಹೆಸರು, ನೋಂದಣಿ ಸಂಖ್ಯೆ, ಬಂದ ತಾರೀಕು, ಎಷ್ಟು ನಿಮಿಷ, ಕಟ್ಟಿದ ದುಡ್ಡು. ಅನುಮಾನ ಬಂದರೆ ಥೆರಪಿಸ್ಟ್‌ಗೆ ಫೋನ್ ಮಾಡಿ "ಇವರು ಬಂದಿದ್ದರಾ" ಅಂತ ಕೇಳಲಿ. ಇನ್ನೂ ಅನುಮಾನ ಇದ್ದರೆ ತಮ್ಮ ಕಡೆಯ ಒಬ್ಬ ಮನೋವೈದ್ಯರ ಮೂಲಕ, ಗುಟ್ಟು ಕಾಯುವ ಕಟ್ಟುಪಾಡಿನೊಳಗೆ, ಚಿಕಿತ್ಸೆ ಬೇಕಾ ಬೇಡವಾ ಅನ್ನುವುದಷ್ಟನ್ನೇ ಕೇಳಲಿ. 12 ವರ್ಷದ ಅನುಭವದಿಂದ ಹೇಳುತ್ತೇನೆ, ಇಷ್ಟರಲ್ಲಿ ಕಳ್ಳ ಸಿಕ್ಕೇ ಸಿಗುತ್ತಾನೆ.

ಇದು ನನ್ನ ಕನಸೇನಲ್ಲ. ಅಮೆರಿಕದಲ್ಲಿ 2003ರಿಂದ ಜಾರಿಯಲ್ಲಿರುವ ಆರೋಗ್ಯ ಖಾಸಗಿತನದ ನಿಯಮದಲ್ಲಿ, ಥೆರಪಿಸ್ಟ್ ಬೇರೆಯಾಗಿ ಇಟ್ಟುಕೊಂಡ ನೋಟ್ಸ್‌ಗೆ ವಿಶೇಷ ರಕ್ಷಣೆ ಇದೆ. ಅದನ್ನು ಕೊಟ್ಟರೆ ಮಾತ್ರ ದುಡ್ಡು ಕೊಡುತ್ತೇವೆ ಅಂತ ವಿಮೆಯವರು ಹೇಳುವಂತಿಲ್ಲ. ಅಲ್ಲೂ ಕಾಯಿಲೆಯ ಹೆಸರು, ತಾರೀಕು ವಿಮೆಯವರಿಗೆ ಹೋಗುತ್ತೆ, ಪೂರ್ತಿ ರಕ್ಷಣೆ ಅಂತಲ್ಲ. ಆದರೆ ಮಾತಿಗೆ ಒಂದು ಬೇಲಿ ಇದೆ. ನಮ್ಮಲ್ಲಿ 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಮಾನಸಿಕ ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆ ಇಟ್ಟಿದ್ದವು. 2023ರ ಹೊಸ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ ಆ ಬೇರೆ ವರ್ಗವೇ ಇಲ್ಲ. ಮೊಬೈಲ್ ನಂಬರೂ ಒಂದೇ, ಮನಸ್ಸಿನ ಕಾಯಿಲೆಯೂ ಒಂದೇ.

ಕಂಪ್ಯೂಟರಿನಲ್ಲಿ ಕೂತ ಗುಟ್ಟು ಎಷ್ಟು ಭದ್ರ ಅನ್ನುವುದಕ್ಕೆ ಫಿನ್ಲೆಂಡ್ ದೇಶದ ಕಥೆ ಕೇಳಿ. ಅಲ್ಲಿನ ಒಂದು ಥೆರಪಿ ಸಂಸ್ಥೆಯ ದಾಖಲೆಗಳನ್ನು ಕದ್ದ ಹ್ಯಾಕರ್, 2020ರಲ್ಲಿ ರೋಗಿಗಳಿಗೇ ನೇರವಾಗಿ ಮೇಲ್ ಕಳಿಸಿ ದುಡ್ಡು ಕೇಳಿದ. ಕೊಡದಿದ್ದರೆ ನೀವು ಥೆರಪಿಯಲ್ಲಿ ಹೇಳಿದ್ದನ್ನೆಲ್ಲ ಇಂಟರ್‌ನೆಟ್‌ಗೆ ಹಾಕುತ್ತೇನೆ ಅಂದ. ಸುಮಾರು 33,000 ಜನರ ದಾಖಲೆ ಅವನ ಕೈಯಲ್ಲಿತ್ತು. 2024ರಲ್ಲಿ ಅವನಿಗೆ ಜೈಲಾಯಿತು, ಆದರೆ ಹೊರಬಿದ್ದ ಮಾತು ಒಳಗೆ ಹೋಗಲಿಲ್ಲ. ಅದೇ 2024ರಲ್ಲಿ ನಮ್ಮ ದೇಶದ ಒಂದು ದೊಡ್ಡ ಆರೋಗ್ಯ ವಿಮಾ ಕಂಪನಿಯ ಗ್ರಾಹಕರ ಮಾಹಿತಿ ಟೆಲಿಗ್ರಾಂನಲ್ಲಿ ಹರಿದಾಡಿದ್ದು ಪತ್ರಿಕೆಗಳಲ್ಲೇ ಬಂದಿತ್ತು. ನಾನು ಸ್ಕ್ಯಾನ್ ಮಾಡಿ ಕಳಿಸಿದ ಕೇಸ್ ಶೀಟ್‌ಗಳೆಲ್ಲ ಇಂಥ ಕಂಪ್ಯೂಟರ್‌ಗಳಲ್ಲೇ ಇರುವುದು.

ಹೆದರಿದ ಜನ ಏನು ಮಾಡುತ್ತಾರೆ ಅನ್ನುವುದನ್ನೂ ಹೇಳಬೇಕು. ಸುಳ್ಳು ಹೇಳುತ್ತಾರೆ. ಹೊಸ ಪಾಲಿಸಿ ಮಾಡಿಸುವಾಗ ಒಂದು ಪ್ರಶ್ನೆ ಇರುತ್ತೆ: ಮಾನಸಿಕ ಕಾಯಿಲೆಗೆ ಯಾವತ್ತಾದರೂ ಚಿಕಿತ್ಸೆ ಪಡೆದಿದ್ದೀರಾ? "ಇಲ್ಲ ಅಂತ ಹಾಕ್ರಿ, ಯಾಕ ಸುಮ್ನ" ಅನ್ನುವ ಏಜೆಂಟರು ಬೇಕಾದಷ್ಟು. ಆಮೇಲೆ ಯಾವುದೋ ಹೃದಯದ ಆಪರೇಷನ್‌ಗೆ ಅಡ್ಮಿಟ್ ಆದಾಗ ಹಳೇ ನಿದ್ದೆ ಮಾತ್ರೆಯ ಚೀಟಿ ಹೊರಗೆ ಬರುತ್ತೆ, ವಿಷಯ ಮುಚ್ಚಿಟ್ಟಿರಿ ಅಂತ ಪೂರ್ತಿ ಕ್ಲೇಮ್ ಹೋಗುತ್ತೆ. ಐದು ವರ್ಷ ಸತತವಾಗಿ ಪಾಲಿಸಿ ನಡೆದಿದ್ದರೆ, ಮೋಸ ಅಂತ ಸಾಬೀತಾಗದ ಹೊರತು ಹಾಗೆ ತಳ್ಳುವಂತಿಲ್ಲ ಅಂತ 2024ರಲ್ಲಿ ನಿಯಮ ಬಂದಿದೆ. ಮೊದಲು ಅದು ಎಂಟು ವರ್ಷ ಇತ್ತು. ಓದುಗರು ಇದನ್ನು ನೆನಪಿಡಿ. ಆದರೆ ದಯವಿಟ್ಟು ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ, ಎಷ್ಟೋ ಮನೆಗಳು ಹಾಗೆ ಸಾಲಕ್ಕೆ ಬಿದ್ದದ್ದನ್ನು ನೋಡಿದ್ದೇನೆ. ಇನ್ನು ಕೆಲವರು ಡಾಕ್ಟರಿಗೆ "ಗ್ಯಾಸ್ಟ್ರಿಕ್ ಅಂತ ಬರೀರಿ ಸರ್" ಅಂತ ಕೈ ಮುಗಿಯುತ್ತಾರೆ. ಹೆಚ್ಚಿನವರು ಚಿಕಿತ್ಸೆಗೇ ಹೋಗುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆ ಪ್ರಕಾರ, ಮನಸ್ಸಿನ ಕಾಯಿಲೆ ಇದ್ದ ನೂರು ಜನರಲ್ಲಿ ಚಿಕಿತ್ಸೆ ಸಿಗದೇ ಇದ್ದವರು, ಕಾಯಿಲೆಗೆ ತಕ್ಕಂತೆ, 70ರಿಂದ 92 ಜನ.

ಈ ವಿಷಯದಲ್ಲಿ ಬಳ್ಳಾರಿಗೆ ಒಂದು ಹೆಮ್ಮೆ ಇದೆ, ಬಳ್ಳಾರಿಯವರಿಗೇ ಗೊತ್ತಿಲ್ಲ. 1985ರಲ್ಲಿ ನಿಮ್ಹಾನ್ಸ್‌ನವರು ಆಗಿನ ಅಖಂಡ ಬಳ್ಳಾರಿ ಜಿಲ್ಲೆಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತೆಯರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು, ಮಾತ್ರೆ ಕೊಡುವುದನ್ನು ಕಲಿಸಿದರು. ಐದು ವರ್ಷ ನಡೆದ ಆ ಕೆಲಸಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. ಅದನ್ನೇ ಇಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಅವತ್ತು ಅವರು ಇಟ್ಟ ದಾಖಲೆಯೂ ಸರಳ, ಬೇಕಾದಷ್ಟೇ ಬರೆಯುವಂಥದ್ದು. ದೇಶಕ್ಕೆ ಆ ದಾರಿ ತೋರಿಸಿದ ಜಿಲ್ಲೆಯಲ್ಲಿ ಇವತ್ತು ಮಾತಿನ ಚಿಕಿತ್ಸೆಗೆ ನಾವು ಹುಬ್ಬಳ್ಳಿ ರೈಲು ಹತ್ತಬೇಕು.

ಸರ್ಕಾರದ ಸೇವೆಗಳನ್ನು ನಾನು ಹಳಿಯುತ್ತಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಟೆಲಿಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಇವರ ನಿದ್ದೆ ಹೋದ ಹೊಸದರಲ್ಲಿ ಒಂದು ರಾತ್ರಿ ಎರಡೂವರೆಗೆ ನಾನೇ ಮಾಡಿದ್ದೆ. ಆ ಕಡೆಯ ಹೆಣ್ಣುಮಗಳು ಅರ್ಧ ಗಂಟೆ ನನ್ನ ಮಾತು ಕೇಳಿದರು. ವಿಮೆ ಇಲ್ಲದವರಿಗೆ ಇವೇ ಆಸರೆ, ಇವು ಇನ್ನೂ ಗಟ್ಟಿಯಾಗಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ವಾರ ವಾರ ಕೂತು ಮಾತು ಕೇಳುವ ಸೈಕಾಲಜಿಸ್ಟ್‌ಗಳ ಸಂಖ್ಯೆ ಹೆಚ್ಚಾಗಲಿ.

ವಿಮಾ ಪ್ರಾಧಿಕಾರದವರಿಗೆ ನನ್ನ ಬೇಡಿಕೆ ಚಿಕ್ಕದು. ನೋಂದಾಯಿತ ಸೈಕಾಲಜಿಸ್ಟ್‌ಗಳ ಹೊರರೋಗಿ ಥೆರಪಿಗೆ ಎಲ್ಲಾ ಆರೋಗ್ಯ ಪಾಲಿಸಿಯಲ್ಲೂ ಜಾಗ ಕೊಡಿಸಿ. ಅದರ ಕ್ಲೇಮ್‌ಗೆ ಒಂದು ಬೇರೆ ಫಾರ್ಮ್ ಮಾಡಿ, ಒಂದು ಪುಟದ್ದು, ಕನ್ನಡದಲ್ಲೂ ಇರಲಿ. ಸೆಷನ್ ನೋಟ್ಸ್ ಕೇಳುವುದನ್ನು ಪೂರ್ತಿ ನಿಲ್ಲಿಸಿ. ಗುಂಪು ಪಾಲಿಸಿಯಲ್ಲಿ ಕಾಯಿಲೆಯ ಹೆಸರು, ಕೋಡ್ ಕೆಲಸ ಕೊಟ್ಟ ಕಂಪನಿಗೆ ಹೋದರೆ ದಂಡ ಹಾಕಿ. ವಿಮೆಯವರ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ದೂರು ಕೊಡಿ ಅಂತ ಕೆಲವರು ನನಗೂ ಹೇಳಿದರು. ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವೂ ಇಲ್ಲ. ಆದರೆ ಗುಟ್ಟು ಹೊರಬಿತ್ತು ಅಂತ ದೂರು ಕೊಡಲು ಮತ್ತೆ ನಾಲ್ಕು ಜನರ ಮುಂದೆ ಅದೇ ಗುಟ್ಟು ಬಿಚ್ಚಬೇಕು. ನಮ್ಮ ಮನೆಯವರು ಬೇಡ ಅಂದರು. ಅವರ ಮಾತಿಗೆ ನಾನು ಎದುರಾಡಲಿಲ್ಲ.

ನನ್ನಂತೆ ಡೆಸ್ಕ್‌ನಲ್ಲಿ ಕೂತ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಒಂದು ಮಾತು. ನಾಳೆ ಬೆಳಿಗ್ಗೆ ಎಫ್ ಕೋಡ್ ಇರುವ ಫೈಲ್ ಬಂದರೆ ಕೇಸ್ ಶೀಟ್ ಪೂರ್ತಿ ಸ್ಕ್ಯಾನರ್ ಮೇಲೆ ಇಡಬೇಡಿ. ಡಾಕ್ಟರ ಹತ್ತಿರ ಹೋಗಿ ಒಂದು ಪುಟದ ಪತ್ರ ಬರೆಸಿಕೊಳ್ಳಿ, 23ನೇ ಸೆಕ್ಷನ್ ಹೆಸರು ಬರೆದು ಅದನ್ನು ಕಳಿಸಿ. ನಾನು ಎಂಟು ತಿಂಗಳಿಂದ ಹಾಗೇ ಮಾಡುತ್ತಿದ್ದೇನೆ. ಮೂರು ಕ್ಲೇಮ್ ತಡವಾದವು, ಎರಡು ಸಲ ನಮ್ಮ ಮ್ಯಾನೇಜರ್ ಹತ್ತಿರ ಬೈಸಿಕೊಂಡೆ. ಆದರೆ ಮೂರಕ್ಕೂ ದುಡ್ಡು ಬಂತು. ಸಹಿ ಹಾಕಿಸುವ ಮೊದಲು ಆ ಸಣ್ಣ ಅಕ್ಷರವನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಎರಡು ನಿಮಿಷ ಹಿಡಿಯುತ್ತೆ, ಹಿಂದೆ ಸಾಲು ಬೆಳೆಯುತ್ತೆ. ಬೆಳೆಯಲಿ.

ಪಾಲಿಸಿ ವರ್ಷ ಮುಗಿಯಲು ಇನ್ನು ಆರು ವಾರ ಇದೆ. 15,000ದಲ್ಲಿ ನಮಗೆ ಬಾಕಿ ಇರುವುದು 9,000 ರೂಪಾಯಿ. ರಸೀದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಇಟ್ಟಿದ್ದೇನೆ. ಕೋಡ್ ಕೇಳದ ಫಾರ್ಮ್ ಯಾರಾದರೂ ಕೊಟ್ಟರೆ ಅವತ್ತೇ ಕಳಿಸುತ್ತೇನೆ.

ದಯವಿಟ್ಟು ನನ್ನ ಹೆಸರು, ಓಣಿಯ ಹೆಸರು ಪ್ರಕಟಿಸಬೇಡಿ.

ಇತಿ,
ಇನ್ಶೂರೆನ್ಸ್ ಡೆಸ್ಕ್‌ನ ಒಬ್ಬ ನೌಕರಳು,
ಬಳ್ಳಾರಿ